ಇನ್ನೊಬ್ಬನ ಗಂಟಲು

"ಅಳಬೇಡಿ ಅಂತಿದ್ದಾರೆ," ಎಂದಳು ಹೆಂಡತಿ, ಗಂಡನ ತುಟಿಗಳನ್ನೇ ನೋಡುತ್ತ. "ಸಿನಿಮಾದ ಆ ಮನುಷ್ಯನಿಗೆ ಅಳು ಬರಲ್ಲ, ಬರೀ ಆಯಾಸ ಅಷ್ಟೇ ಅಂತೆ."

ಗಾಜಿನಾಚೆ ಮೈಕಿನ ಮುಂದೆ ನಿಂತಿದ್ದ ಮಿಮಿಕ್ರಿಯವನು ತಲೆಯಾಡಿಸಿ ಒಂದು ಗುಟುಕು ನೀರು ಕುಡಿದ. ಪರದೆಯ ಮೇಲೆ ನಿರ್ದೇಶಕನ ಮುಖ ಬಾಯಿ ಅರ್ಧ ತೆರೆದುಕೊಂಡು ನಿಂತಿತ್ತು. ಅದೇ ನಿರ್ದೇಶಕ, ಅವಳ ಗಂಡ, ಗಾಜಿನ ಈಚೆ ಕೊರಳಿಗೆ ತೆಳು ಬಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಉಸಿರು ಬಿಟ್ಟಾಗಲೆಲ್ಲ ಬಟ್ಟೆ ಸಣ್ಣಗೆ ಏಳುತ್ತಿತ್ತು.

ಅವನ ಸಿನಿಮಾಗಳಲ್ಲಿ ಬೇರೆಯವರಿಗೆ ಹೆಚ್ಚು ಕೆಲಸವೇ ಇರುತ್ತಿರಲಿಲ್ಲ. ಕಥೆ ಅವನದು, ಮುಖ್ಯ ಪಾತ್ರ ಅವನದು, ಹಾಡು ಬರೆದು ಹಾಡುವವನೂ ಅವನೇ. ಲೈಟಿನವನು ಕೈಕೊಟ್ಟ ದಿನ ಲೈಟು ಹೊತ್ತವನೂ ಅವನೇ. ಇಪ್ಪತ್ತು ವರ್ಷದಲ್ಲಿ ಆರು ಸಿನಿಮಾ. ಎರಡಕ್ಕೆ ಪರದೇಶದಲ್ಲಿ ಬಹುಮಾನ ಬಂತು. ಊರಿನ ಚಿತ್ರಮಂದಿರದಲ್ಲಿ ಒಂದೂ ವಾರ ದಾಟಲಿಲ್ಲ. ಗೆಳೆಯರು 'ಒಂಟಿ ಕಂಪನಿ' ಎಂದು ಕರೆಯುತ್ತಿದ್ದರು. ಅವನಿಗೂ ಆ ಹೆಸರು ಹಿಡಿಸಿತ್ತು.

ಏಳನೆಯದರ ಚಿತ್ರೀಕರಣ ಅರ್ಧವಾಗಿದ್ದಾಗ ಗಂಟಲಲ್ಲಿ ಗಂಟು ಕಾಣಿಸಿತು. ತಕ್ಷಣ ಆಪರೇಷನ್ ಆಗಬೇಕೆಂದರು ಡಾಕ್ಟರು. "ಮೊದಲು ಜೀವ ಉಳಿಸ್ಕೊಳ್ರೀ," ಎಂದು ಹೆಂಡತಿ ಕೈ ಹಿಡಿದು ಅತ್ತಳು. "ಇದೊಂದು ಮುಗೀಲಿ ಕಣೇ," ಎಂದ ಅವನು. ಬೇಸಿಗೆ ಕಳೆಯುವ ಹೊತ್ತಿಗೆ ಚಿತ್ರೀಕರಣವೇನೋ ಮುಗಿಯಿತು. ಬೀದಿಯ ಗದ್ದಲದಲ್ಲಿ ಹಿಡಿದ ಮಾತುಗಳು ಕೆಲಸಕ್ಕೆ ಬರುವಂತಿರಲಿಲ್ಲ; ಡಬ್ಬಿಂಗಿಗೆ ಕೂರುವ ಮೊದಲೇ ಅವನ ಧ್ವನಿಪೆಟ್ಟಿಗೆ ತೆಗೆದು, ಉಸಿರಿಗೆ ಕೊರಳಲ್ಲಿ ತೂತು ಮಾಡಬೇಕಾಯಿತು. ರೋಗ ಅಷ್ಟಕ್ಕೇ ನಿಂತಿರಲಿಲ್ಲ. ಅವನ ದನಿ ಅನುಕರಿಸುವ ಮಿಮಿಕ್ರಿಯವನನ್ನು ಹುಡುಕಿ ಕರೆಸಿದ್ದಾಯಿತು. ಈ ಸಿನಿಮಾದ ಮುಖ ನೋಡುವುದಿಲ್ಲ ಎಂದು ಹೆಂಡತಿ ಹಟ ಹಿಡಿದಿದ್ದಳು. ಆದರೆ ಅವನ ತುಟಿಯ ಮಾತು ತಿಳಿಯುತ್ತಿದ್ದುದು ಅವಳೊಬ್ಬಳಿಗೇ. ಬಂದಿದ್ದಳು.

ದೃಶ್ಯ ಚಿಕ್ಕದು. ಗಂಡ ಕೆಲಸಕ್ಕೆ ಹೊರಡುತ್ತ ಹೊಸ್ತಿಲಲ್ಲಿ ಒಂದು ಮಾತು ಹೇಳುತ್ತಾನೆ, 'ಬರೋದು ಲೇಟಾಗುತ್ತೆ, ಬಾಗಿಲು ಹಾಕ್ಕೊ.' ಮಿಮಿಕ್ರಿಯವನು ಪ್ರೀತಿಯಿಂದ ಹೇಳಿದ, ಗದರಿ ಹೇಳಿದ, ದನಿ ತಗ್ಗಿಸಿಯೂ ಹೇಳಿದ. ಧ್ವನಿ ಥೇಟ್ ನಿರ್ದೇಶಕನದೇ. ಆದರೂ ಅವನು ಕೈಯಾಡಿಸಿ ಬೇಡ ಬೇಡ ಎನ್ನುತ್ತಲೇ ಇದ್ದ. ಕೊನೆಗೆ ಹೆಂಡತಿಯ ಕಡೆ ತಿರುಗಿ ತುಟಿ ಅಲ್ಲಾಡಿಸಿದ.



"ಏನಂತೆ ಅಕ್ಕ?" ಎಂದ ಮಿಮಿಕ್ರಿಯವನು.

"ಮನೇಲಿ ಇವರು ಹೇಗೆ ಹೇಳ್ತಿದ್ರೋ, ನಾನು ನಿಮಗೆ ಹೇಳಿಕೊಡಬೇಕಂತೆ." ಅವಳು ಪರದೆಯ ಮೇಲಿನ ಮುಖವನ್ನು ನೋಡಿದಳು. "ನನ್ನ ಮುಖ ನೋಡಿ ಹೇಳಿದ್ದೇ ಇಲ್ಲ. ಒಂದು ಕಾಲು ಚಪ್ಪಲಿಯೊಳಗೆ, ಮನಸ್ಸು ಆಗಲೇ ಶೂಟಿಂಗಲ್ಲಿ. ನನಗೆ ಹೇಳಿದ್ರೋ, ಬಾಗಿಲಿಗೆ ಹೇಳಿದ್ರೋ, ಗೊತ್ತೇ ಆಗ್ತಿರಲಿಲ್ಲ. ಹಾಗೆ ಹೇಳಿ."

ಧ್ವನಿಮುದ್ರಣದ ಯಂತ್ರದ ಮುಂದೆ ಕೂತಿದ್ದ ಹೆಂಗಸು ತಲೆ ಎತ್ತದೆ ಗುಂಡಿ ಒತ್ತಿದಳು. ಪರದೆಯ ಮೇಲಿನ ತುಟಿಗಳು ಚಲಿಸಿದವು.

"ಬರೋದು ಲೇಟಾಗುತ್ತೆ, ಬಾಗಿಲು ಹಾಕ್ಕೊ."

"ಹೂಂ," ಎಂದಳು ಹೆಂಡತಿ.

ಅಂದದ್ದು ತಾನೇ ಎಂದು ತಿಳಿದು ಬಾಯಿಗೆ ಕೈ ಅಡ್ಡ ಹಿಡಿದಳು.

"ಇದು ಓಕೆನಾ ಸಾರ್?" ಸ್ಪೀಕರಿನಲ್ಲಿ ಮಿಮಿಕ್ರಿಯವನ ಸ್ವಂತ ದನಿ, ತೆಳ್ಳಗೆ, ಯಾರದೋ ಎಂಬಂತೆ ಕೇಳಿಸಿತು.

ನಿರ್ದೇಶಕ ಹೆಂಡತಿಯನ್ನೇ ನೋಡುತ್ತಿದ್ದ. ಅವಳು ಈ ಕಡೆ ತಿರುಗಲಿಲ್ಲ. ಅವನು ಒಂದು ಬೆರಳೆತ್ತಿದ, ಇನ್ನೊಂದು ಸಲ ಎಂಬಂತೆ.

ಚಿತ್ರ ಹಿಂದಕ್ಕೆ ಓಡಿತು; ಪರದೆಯ ಮೇಲೆ ಆ ಮನುಷ್ಯ ಹೊಸ್ತಿಲಿನಿಂದ ಹಿಂದಕ್ಕೆ, ಹಿಂದಕ್ಕೆ ನಡೆಯುತ್ತ ಮನೆಯೊಳಗೆ ಹೋಗಿ ನಿಂತ.