ಇನ್ನೆರಡು ದಿನ

ಚಿಕ್ಕಮಲ್ಲಪ್ಪ ಸತ್ತ ಅಕ್ಕನನ್ನು ಗೋಡೆಗೊರಗಿಸಿ ಕೂರಿಸಲು ಹೆಣಗುತ್ತಿದ್ದರೆ, ಅಂಗಳದ ಹೆಂಗಸರು ತಂತಮ್ಮ ಮಕ್ಕಳ ರಟ್ಟೆ ಹಿಡಿದು ಹಿಂದಕ್ಕೆಳೆಯುತ್ತಿದ್ದರು. ದೊಡ್ಡಮಲ್ಲಮ್ಮನ ಮೈಯಲ್ಲಿ ಇನ್ನೂ ಕಿರಣ ಇದೆಯೆಂದು ಬೆಳಗಾಗುವಷ್ಟರಲ್ಲಿ ಹರದನಹಳ್ಳಿಗೆಲ್ಲ ಸುದ್ದಿಯಾಗಿತ್ತು. ಹೋದ ವಾರ ಮೈಸೂರಿನಲ್ಲಿ ಗುಂಡಿಗೆಯ ಸ್ಕ್ಯಾನ್ ಮಾಡುವಾಗ ಕಿರಣ ಸೂಸುವ ಔಷಧಿ ಚುಚ್ಚಿದ್ದು ನಿಜ. ಆದರೆ ಆಕೆ ಸತ್ತದ್ದು ನಿನ್ನೆ, ಮಗನ ಬೈಕಿನಿಂದ ಬಿದ್ದು. ಹಾಗೆ ಎಳೆಸಿಕೊಳ್ಳುತ್ತಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ಎಳೆಗೂಸುಗಳಾಗಿದ್ದಾಗ ಎಣ್ಣೆ ತಿಕ್ಕಿ ನೀರು ಹಾಕಿದವಳೂ ಆಕೆಯೇ. ಭಯ ಬಂದರೆ ಊರಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ?

ಪಕ್ಕದ ಮನೆಯ ಮೂಗಯ್ಯನದು ಬೇರೆಯೇ ವರಾತ.

“ಅರ್ದ ಔಸ್ದಿ ಆಕಿ, ಒಂದೇ ಪೋಟ ತಗ್ದು ಕಳಿಸ್ಬುಟ್ಟವ್ರೆ ಕಣ್ಲಾ. ಗುಂಡ್ಗೆ ನಿಂತೇ ಬಿದ್ದಿರ್ಬೇಕು.”

ದೊಡ್ಡಮಲ್ಲಮ್ಮನ ಮಗ ರಾಜಶೇಖರ್ ತಲೆಯೆತ್ತಿದ. ರಾತ್ರಿಯೆಲ್ಲ ಅವನನ್ನು ತಿಂದದ್ದೂ ಇದೇ ಅನುಮಾನ. ಅದಕ್ಕೇ ಪೋಸ್ಟ್‌ಮಾರ್ಟಮ್ ಮಾಡಿದ ಡಾಕ್ಟರನ್ನು ಎರಡೆರಡು ಸಲ ಕೇಳಿಕೊಂಡು ಬಂದಿದ್ದ.

“ಗುಂಡ್ಗೆ ಚೆನ್ನಾಗೇ ಇತ್ತಂತೆ ಕಣಣ್ಣ. ಸ್ಕ್ಯಾನ್ನಲ್ಲಿ ಬಂದಿದ್ದು ಸರಿಯಾಗೇ ಅದೆ. ತಲೆಗೆ ಬಿದ್ದ ಏಟಿಗೇ ಓಗಿರೋದು.”

ಒಳಗೆ ಅಡುಗೆಮನೆಯಲ್ಲಿ ಅವನ ಹೆಂಡತಿ ಶಿವಾನಿ ಎಂಟು ತಿಂಗಳ ಅನುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ಪೂಜೆ ಮುಗಿದರೆ ಹೆಣ ಎತ್ತುತ್ತಾರೆ. ಅಷ್ಟರೊಳಗೆ ಕೂಸನ್ನು ಅಜ್ಜಿಯ ಹತ್ತಿರ ಒಯ್ಯಬೇಕು. ಒಯ್ಯದಿದ್ದರೆ ತಾನು ಬದುಕಿರುವವರೆಗೂ ಆ ಕೊರಗು ತನ್ನನ್ನು ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಾಲು ಮಾತ್ರ ಏಳುತ್ತಿರಲಿಲ್ಲ. ಅತ್ತೆಯ ಮೈಯಲ್ಲಿ ಏನೂ ಉಳಿದಿಲ್ಲವೆಂದು ತಿಳಿದಿದ್ದರೂ ಕೂಸನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

*

ಕೆಲವು ವರ್ಷಗಳ ಹಿಂದೆ ಇದೇ ಸ್ಕ್ಯಾನ್ ಆಗಿದ್ದಾಗ ದೊಡ್ಡಮಲ್ಲಮ್ಮನಿಗೆ ಎರಡು ಸಲ ಚುಚ್ಚಿ, ಎರಡು ಸಲ ಚಿತ್ರ ತೆಗೆದು, ಇಡೀ ದಿನ ಕೂರಿಸಿಕೊಂಡಿದ್ದರು. ಈ ಸಲ ಯಂತ್ರದ ಮೇಲೆ ನಡೆಸಿ, ಒಂದು ಸಲ ಚುಚ್ಚಿ, ಒಂದು ಚಿತ್ರಕ್ಕೇ ಮುಗಿಯಿತು ಅಂದಾಗ ಆಕೆಯ ಮುಖ ಸಪ್ಪಗಾಯಿತು. ತೂಕದಲ್ಲಿ ಮೋಸ ಹೋದವಳಂತೆ ಡಾಕ್ಟರಮ್ಮನನ್ನು ನೋಡಿದಳು.

“ಈ ಕ್ಯಾಮೆರಾ ಚುರುಕಾಗಿದೆ ಅಮ್ಮ, ಅರ್ಧ ಔಷಧಿಗೇ ಚೆನ್ನಾಗಿ ಕಾಣುತ್ತೆ. ನಡೆಸಿ ತೆಗೆದ ಚಿತ್ರದಲ್ಲೇ ಗುಂಡಿಗೆ ಸರಿಯಾಗಿದೆ. ಸುಮ್ಮನೆ ಇನ್ನೊಂದು ಸಲ ಯಾಕೆ ಮೈಗೆ ಕಿರಣ ತುಂಬಬೇಕು?”

ಮನೆಯಲ್ಲಿ ಕೂಸಿದೆ ಎಂದಳು ಶಿವಾನಿ. ಇವತ್ತೊಂದು ರಾತ್ರಿ ಎತ್ತಿಕೊಳ್ಳುವುದು ಬೇಡ, ಬೆಳಗ್ಗೆಯಿಂದ ಎಂದಿನಂತೆ ಇರಬಹುದು ಅಂದರು ಡಾಕ್ಟರು. ಒಂದೇ ರಾತ್ರಿಯ ಮಾತಾದರೂ ದೊಡ್ಡಮಲ್ಲಮ್ಮ ಮನೆಗೆ ಬರಲಿಲ್ಲ. ಮೈಸೂರಿನಿಂದಲೇ ಬಸ್ಸು ಹತ್ತಿ ಗುಂಡ್ಲುಪೇಟೆಯ ತಮ್ಮನ ಮನೆಗೆ ಹೋದಳು.

ಮಾರನೆಯ ಸಂಜೆ ವಿಡಿಯೊ ಕಾಲ್ ಬಂತು. ಅನು ಅಜ್ಜಿಯ ಮುಖ ಕಂಡದ್ದೇ ಫೋನನ್ನು ನೆಕ್ಕತೊಡಗಿದಳು. ಬರಲಾ ಎಂದಳು ಅತ್ತೆ. ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಕೈಕಾಲು ತಣ್ಣಗಾಗಿಸಿಕೊಳ್ಳುವುದು ಶಿವಾನಿಯ ಚಾಳಿ. ಅವತ್ತೂ ಏನೇನೋ ಓದಿದ್ದಳು.

“ಇನ್ನೆರಡು ದಿನ ಅಲ್ಲೇ ಇರಿ ಅತ್ತೆ.”

“ಆಗ್ಲಿ ಬುಡವ್ವ. ಕೂಸ್ಗಿಂತ ಎಚ್ಚಾ?”

ಎರಡು ದಿನ ಕಳೆದ ಮೇಲೆ ಶಿವಾನಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಅತ್ತೆ ಅದಕ್ಕೂ ಹೂಂ ಅಂದಳು. ನಿನ್ನೆ ಮಾತ್ರ ಸೊಸೆಯನ್ನು ಕೇಳಲೇ ಇಲ್ಲ. ಮಗನಿಗೇ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗು, ಕೂಸನ್ನು ನೋಡದೆ ತಡೆಯೋಕಾಗುತ್ತಿಲ್ಲ ಅಂದಳಂತೆ. ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಹಂಪಿನಲ್ಲಿ ಬೈಕು ಎಗರಿತು. ಚಾಮರಾಜನಗರ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

*

ಪೂಜೆಗೆ ಕೂತಿದ್ದ ಗುರುಮಲ್ಲಯ್ಯನವರು ಮಂತ್ರ ಮುಗಿಸಿ, ಮನೆಯವರು ಯಾರಾದರೂ ಉಳಿದಿದ್ದರೆ ಬನ್ನಿ ಎಂದರು. ಹೊರುವವರು ಹೆಗಲಿಗೆ ಟವೆಲು ಮಡಿಸಿ ಇಟ್ಟುಕೊಂಡರು.

ಶಿವಾನಿ ಹೊರಗೆ ಬಂದಳು. ಸೊಂಟದ ಮೇಲಿನ ಕೂಸನ್ನು ಕಂಡು ಹೆಂಗಸರು ದಾರಿ ಬಿಟ್ಟು ಸರಿದರು. ಒಬ್ಬಾಕೆ ಅವಳ ಸೆರಗು ಹಿಡಿದಳು.

“ಬ್ಯಾಡ ಕಣಮ್ಮಿ. ಎಳೆಕೂಸು.”

“ಔಸ್ದಿ ಅವತ್ತೇ ಓಗಿತ್ತು,” ಅಂದಳು ಶಿವಾನಿ. ಸೆರಗು ಬಿಡಿಸಿಕೊಂಡಳು. “ಬರ್ಬೇಡಿ ಅಂದಿದ್ದು ನಾನು.”

ರಾಜಶೇಖರ್ ಅವಳನ್ನೇ ನೋಡಿದ. ಅವನಿಗೆ ಇದು ಗೊತ್ತಿರಲಿಲ್ಲ. ಅವಳು ಅತ್ತೆಯ ಎದುರು ಮಂಡಿಯೂರಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಅನುವನ್ನು ಆ ಮಡಿಲಲ್ಲಿ ಕೂರಿಸಿದಳು. ಚಿಕ್ಕಮಲ್ಲಪ್ಪ ಹಾರವನ್ನು ಒಂದು ಪಕ್ಕಕ್ಕೆ ಸರಿಸಿದ. ಕೂಸು ಕಿರುಚುತ್ತದೆಂದು ಅಂಗಳವೆಲ್ಲ ಕಾದಿತ್ತು.

ಅನು ಕತ್ತೆತ್ತಿ ಅಜ್ಜಿಯ ಗಲ್ಲ ನೋಡಿದಳು. ಆಮೇಲೆ ತಿರುಗಿ ಕೂತು, ಹೆಬ್ಬೆರಳು ಬಾಯಿಗಿಟ್ಟುಕೊಂಡು, ಆ ಎದೆಗೆ ಬೆನ್ನು ಒರಗಿಸಿದಳು. ಹೊರುವವರು ನಿಂತಲ್ಲೇ ನಿಂತಿದ್ದರು. ಕೂಸಿನ ರೆಪ್ಪೆಗಳು ಮೆಲ್ಲಗೆ ಮುಚ್ಚಿಕೊಳ್ಳುತ್ತಿದ್ದವು.