ಹೊತ್ತು ಮುಳುಗುವುದರೊಳಗೆ

ಕ್ಷೀಣಿಸು ಎಂದು ಹಲಗೆಯ ಮೇಲೆ ಬರೆದು, ಕೆಳಗೊಂದು ಗೆರೆ ಎಳೆದು, ಕನ್ನಡ ಮಾಸ್ತರ ಸಮ್ಮೇದ ತಿರುಗಿ ನಿಂತ.

"ಅಂದ್ರ, ಒಮ್ಮಿಗೇ ಹೋಗೂದಲ್ಲ. ಸಾವಕಾಶ, ಗೊತ್ತಾಗದಂಗ ಕಡಿಮಿ ಆಗೂದು. ಸ್ವಂತ ವಾಕ್ಯದಾಗ ಹೇಳ್ರಿ. ದಿನಾ ಮಾತಾಡೂವಂಥಾ ವಾಕ್ಯ ಬೇಕು."

ಕಿಟಕಿಯಾಚೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಶಿರಗುಪ್ಪಿಯ ರಸ್ತೆ ಹಿಡಿದು ಕಾರ್ಖಾನೆಯತ್ತ ಹೊರಟಿದ್ದವು. ಒಂದೊಂದರಲ್ಲೂ ಒಂದೊಂದು ಹಾಡು ಕೂಗುತ್ತಿತ್ತು.

"ಬ್ಯಾಸಗ್ಯಾಗ ಕೃಷ್ಣಾ ಹೊಳಿ ನೀರು ಕ್ಷೀಣಿಸುತ್ತದೆ," ಎಂದ ಮಹಾದೇವ.

"ಶಾಣ್ಯಾ. ಆದ್ರ ಅದು ಪುಸ್ತಕದಾಗ ಐತಿ. ಬ್ಯಾರೆ?"

"ನಮ್ಮ ಎಮ್ಮಿ ಹಾಲು ಕ್ಷೀಣಿಸಿತು, ಸರ," ಎಂದ ಲಖನ.

ತರಗತಿ ನಕ್ಕಿತು. ನಗುವಂಥದ್ದೇನೂ ಇರಲಿಲ್ಲ, ವಾಕ್ಯ ಸರಿಯಾಗೇ ಇತ್ತು. ಸಮ್ಮೇದನೂ ನಕ್ಕ. ಅವನ ಮನಸ್ಸು ಮಾತ್ರ ಬೆಳಗಿನಿಂದ ಅಡುಗೆಮನೆ ಬಿಟ್ಟು ಬಂದಿರಲಿಲ್ಲ.

ಬೆಳಿಗ್ಗೆ ಚಹ ಕೊಡುತ್ತ ಹೆಂಡತಿ ಮನಿಷಾ, "ಸಂಜೀಕ ಲಗೂ ಬರ್ರಿ, ಬಸದಿಗೆ ಹೋಗೂದೈತಿ," ಎಂದಿದ್ದಳು. ಚಾತುರ್ಮಾಸಕ್ಕೆಂದು ಊರಲ್ಲಿ ತಂಗಿದ್ದ ಮುನಿಮಹಾರಾಜರು ಮರುದಿನ ಹೊರಡುವವರಿದ್ದರು.

"ಈ ಸಲ ಏನ ಬಿಡಾಕಿ?"

"ಬ್ರಹ್ಮಚರ್ಯ ವ್ರತ ತಗೋಬೇಕಂತ ಮಾಡೇನಿ. ಆಜೀವ. ನೀವು ಎಲ್ಲಾರ ಮುಂದ ಒಪ್ಪಿಗಿ ಐತಿ ಅನಬೇಕು, ಅಷ್ಟ."

ಅವನು "ಹೂಂ, ನೋಡೂಣು," ಎಂದು ಚಹ ಕುಡಿದು, ಚಪ್ಪಲಿ ಮೆಟ್ಟಿ ಶಾಲೆಗೆ ಬಂದಿದ್ದ. ಆ ಮನೆಯಲ್ಲಿ ಅವನ ಹೂಂ ಅಗ್ಗವಾಗಿ ಬಹಳ ಕಾಲವಾಗಿತ್ತು.

ಅವಳು ಮೊದಲು ಬಿಟ್ಟದ್ದು ಸೊಪ್ಪು, ತಪ್ಪಲುಪಲ್ಯ. ಆಮೇಲೆ ಬೆಲ್ಲ, ಅದೂ ಕಬ್ಬಿನ ಊರಲ್ಲಿ ಕೂತು. ಆಮೇಲೆ ಮೈಮೇಲಿನ ಬಂಗಾರ, ಮದುವೆಮನೆಯ ಓಡಾಟ. ಪ್ರತಿ ಸಲವೂ ಗಂಡನ ಒಪ್ಪಿಗೆ ಕೇಳುತ್ತಿದ್ದಳು, ಪ್ರತಿ ಸಲವೂ ಅವನು ತಲೆಯಾಡಿಸಿದ್ದ. "ನಮ್ಮಾಕಿದು ಧರ್ಮ ಭಾಳ ಕಟ್ಟುನಿಟ್ಟು," ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಇದ್ದ. ಹೆಂಡತಿಯ ಪುಣ್ಯದಲ್ಲಿ ಗಂಡನಿಗೂ ಪಾಲಿದೆಯಂತೆ. ಆ ಪಾಲಿಗೆ ಅವನು ಯಾವತ್ತೂ ಬೇಡವೆಂದಿರಲಿಲ್ಲ.

ಈ ವ್ರತದ ದಾರಿ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಮೊದಲು ಹಾಸಿಗೆ ಬೇರೆ, ಆಮೇಲೆ ಕೋಣೆ ಬೇರೆ. ಒಂದು ದಿನ ಬಿಳಿ ಸೀರೆ ಉಟ್ಟು ಮುನಿಗಳ ಸಂಘದ ಹಿಂದೆ ನಡೆದೇ ಬಿಡುವುದು. ಅಂಥ ಮನೆ ಊರಲ್ಲಿ ಒಂದೆರಡಿದ್ದವು. ಆ ಮನೆಗಳ ಗಂಡಸರಿಗೆ ಜನ ಕೈಮುಗಿಯುತ್ತಿದ್ದರು.

"ಸರ, ನಾ ಹೇಳಲಿ?" ಅನುಸೂಯಾ ಎದ್ದು ನಿಂತಿದ್ದಳು. "ಹಾದಿ ನೋಡಿ ನೋಡಿ ನಮ್ಮ ಆಯಿಯ ಕಣ್ಣು ಕ್ಷೀಣಿಸಿದವು."

"ಕಣ್ಣು ಅನಬ್ಯಾಡ. ದೃಷ್ಟಿ ಕ್ಷೀಣಿಸಿತು ಅನ್ನು. ಯಾರ ಹಾದಿ?"

"ಯಾರದೂ ಇಲ್ರಿ. ವಾಕ್ಯಕ್ಕಂತ ಹೇಳಿದೆ."

"ಕೂಡು."

ಹುಡುಗಿ ಕೂತಳು, ಹಾದಿ ಮಾತ್ರ ಉಳಿಯಿತು. ಮದುವೆಯಾದ ಹೊಸತರಲ್ಲಿ ಮನಿಷಾ ಎರಡು ತಾಟು ಇಟ್ಟುಕೊಂಡು ಹೊಸ್ತಿಲ ಮೇಲೆ ಕೂಡುತ್ತಿದ್ದಳು. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವಂತಿಲ್ಲ. ಅವನನ್ನು ಬಿಟ್ಟು ಉಣ್ಣಲು ಮನಸ್ಸಿಲ್ಲ. ಅವನು ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಅವಳು ಒಂದು ತಾಟು ಎತ್ತಿಟ್ಟು, ಇನ್ನೊಂದರಲ್ಲಿ ಅವನಿಗೆ ಬಡಿಸುತ್ತಿದ್ದಳು. "ನೀ ಉಂಡ ಬಿಡಬೇಕಿತ್ತು," ಎಂದರೆ, "ಆಗ್ಲಿ ಬಿಡ್ರಿ," ಅನ್ನುತ್ತಿದ್ದಳು.

ಅವನು ತಡ ಮಾಡಲು ಬಲವಾದ ಕಾರಣವೇನೂ ಇರಲಿಲ್ಲ. ಮೊದಮೊದಲು ಟ್ಯೂಷನ್, ಆಮೇಲೆ ನಾಮದೇವ ಮಾಸ್ತರರ ಜೊತೆ ಬಸ್‌ಸ್ಟ್ಯಾಂಡಿನ ಚಹ, ಸಾಹಿತ್ಯದ ಹರಟೆ. ಮನೆಗೆ ಹೋಗಬಹುದಿತ್ತು, ಹೋಗುತ್ತಿರಲಿಲ್ಲ. ಒಂದು ವರ್ಷ ಅವಳು ಸಂಜೆಯ ಊಟವನ್ನೇ ಬಿಡುವ ನೇಮ ಹಿಡಿದಳು. ಪ್ರವಚನದ ಪರಿಣಾಮವೆಂದು ಅವನು ತಿಳಿದಿದ್ದ. ಈಗ, ತುಂಬಿದ ತರಗತಿಯ ನಡುವೆ, ಮೊದಲು ಬಂದದ್ದು ತನ್ನ ಹಾದಿ ಕಾದ ಉಪವಾಸ, ನೇಮ ಬಂದದ್ದು ಆಮೇಲೆ ಎಂದು ಹೊಳೆಯಿತು.

ಪದಕ್ಕೆ ಅವನೇ ಒಂದು ಉದಾಹರಣೆ ಕೊಟ್ಟು ಪಾಠ ಮುಗಿಸುವುದು ರೂಢಿ. ಅವನು ಡಸ್ಟರ್ ಎತ್ತಿ ಹಲಗೆ ಒರೆಸಿಬಿಟ್ಟ. ಗಂಟೆ ಇನ್ನೂ ಹೊಡೆದಿರಲಿಲ್ಲ.

ಸಂಜೆ ಗೇಟಿನ ಬಳಿ ನಾಮದೇವ ಮಾಸ್ತರರು ಕಾದಿದ್ದರು. "ನಡ್ರಿ ಸರ, ಚಹಾ ಕುಡ್ಯೂಣು."

"ಇವತ್ತ ಬ್ಯಾಡ್ರಿ. ಹೊತ್ತ ಮುಳಗೂದ್ರಾಗ ಮನಿ ಮುಟ್ಟಬೇಕು."

"ಯಾಕ್ರಿ, ಏನ ವಿಶೇಷ?"

"ಊಟ."

"ಅಂತೂ ಇಷ್ಟ ವರ್ಷ ಆದ ಮ್ಯಾಲ ಜೈನರಾದ್ರಿ ಬಿಡ್ರಿ!" ಎಂದು ಅವರು ಹೊಟ್ಟೆ ಕುಣಿಸಿ ನಕ್ಕರು.

ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾರಿ ಕಟ್ಟಿತ್ತು. ಸಮ್ಮೇದ ಗಾಡಿಯನ್ನು ಹೊಲದ ಬದುವಿಗಿಳಿಸಿ ನುಗ್ಗಿಸಿದ. ದಾರಿಯುದ್ದಕ್ಕೂ ಬ್ಯಾಡ, ಬ್ಯಾಡ ಎಂದು ಬಾಯಿಪಾಠ ಮಾಡಿಕೊಂಡ.

ಮನಿಷಾ ಸಿದ್ಧಳಾಗಿ ನಿಂತಿದ್ದಳು. "ಬಂದ್ರಾ? ಛಲೋ ಆತು. ನಡ್ರಿ ಹಂಗಾದ್ರ. ಹೊತ್ತ ಮುಳಗಿದ ಮ್ಯಾಲ ಮಹಾರಾಜರು ಮೌನ ಹಿಡೀತಾರ. ನಾಳೆ ನಸುಕಿನ್ಯಾಗ ಹೊಂಟ ಬಿಡತಾರ."

"ಮೊದಲ ಬಡಸು. ಇಬ್ಬರೂ ಕೂತು ಉಣ್ಣೂಣು."

ಅವಳು ಅವನನ್ನು ನೋಡಿದಳು. ಮನೆ ತಪ್ಪಿ ಒಳಗೆ ಬಂದ ನೆಂಟನನ್ನು ನೋಡುವ ಹಾಗೆ, ಮರ್ಯಾದೆಯಿಂದಲೇ.

"ನಂದು ಸಂಜೀದು ಬಿಟ್ಟ ಭಾಳ ದಿನ ಆತಲ್ಲರಿ. ನೀವು ಉಣ್ರಿ."

ಒಂದು ತಾಟು ಬಂತು. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಅವಳು ಹೊಸ್ತಿಲ ಮೇಲೆ ಪಡುವಣಕ್ಕೆ ಮುಖಮಾಡಿ ಕೂತಳು.

"ಮನಿಷಾ, ಯಾಕ?"

"ಏನ ಯಾಕ?"

"ಈ ವ್ರತ."

"ಉಣ್ರಿ. ಹೊತ್ತ ಹೋಗಾಕತ್ತೈತಿ."

"ನಾ ಬ್ಯಾಡ ಅಂದ್ರ?"

ಅವಳು ತಿರುಗದೆಯೇ, "ಅನ್ರಿ ನೋಡೂಣು," ಎಂದಳು.

ಅನ್ನಬಹುದಿತ್ತು. ಆದರೆ ಬೇಡ ಅಂದ ಮೇಲೆ ಮುಂದೊಂದು ಮಾತು ಆಡಬೇಕಾಗುತ್ತದೆ, ಆ ಮಾತು ಅವನಲ್ಲಿರಲಿಲ್ಲ. ಇಷ್ಟು ವರ್ಷ ಎಲ್ಲಿಟ್ಟಿದ್ದೇನೆಂದು ಹುಡುಕಿದ. ಸಿಗಲಿಲ್ಲ. ಹೆದರಿಕೆಯಾಯಿತು.

ರೊಟ್ಟಿಯನ್ನು ಸಣ್ಣಗೆ ಮುರಿಯತೊಡಗಿದ. ಸಣ್ಣ ತುತ್ತು, ಇನ್ನೂ ಸಣ್ಣ ತುತ್ತು. ತಾನು ಏಳದಿದ್ದರೆ ಬಸದಿಗೆ ಹೋಗುವುದಿಲ್ಲ. ಹೊತ್ತು ಮುಳುಗಿದರೆ ಮಹಾರಾಜರು ಮಾತಾಡುವುದಿಲ್ಲ. ಬೆಳಗಾದರೆ ಅವರು ಊರಲ್ಲಿರುವುದಿಲ್ಲ. ಜನ್ಮದಲ್ಲಿ ಮೊದಲ ಸಲ ಅವನು ಸೂರ್ಯನನ್ನು ನೋಡುತ್ತ ಉಣ್ಣುತ್ತಿದ್ದ.

ಅವಳಿಗೆ ತಿಳಿಯಿತು. ತಿಳಿಯದೆ ಇರುತ್ತದೆಯೇ? ಗಡಿಬಿಡಿ ಮಾಡಲಿಲ್ಲ, ಸಿಟ್ಟಾಗಲಿಲ್ಲ.

"ಇನ್ನೊಂದ ರೊಟ್ಟಿ ಹಾಕಲಿ?" ಎಂದಳು.

"ಹೂಂ."

ಬಡಿಸಿ ಮತ್ತೆ ಹೊಸ್ತಿಲಿಗೆ ಹೋದಳು. ಬಿಸಿಲು ಮೊದಲು ತಾಟಿನ ಅಂಚು ಬಿಟ್ಟಿತು, ಆಮೇಲೆ ಅವನ ಮೊಣಕಾಲು ಬಿಟ್ಟಿತು, ಸ್ವಲ್ಪ ಹೊತ್ತು ಅವಳ ಪಾದದ ಮೇಲೆ ನಿಂತಿತು. ಬಸದಿಯಲ್ಲಿ ಗಂಟೆ ಬಾರಿಸಿದರು. ರಸ್ತೆಯಲ್ಲಿ ಯಾವುದೋ ಟ್ರ್ಯಾಕ್ಟರಿನ ಹಾಡು ಹತ್ತಿರವಾಗಿ ದೂರವಾಯಿತು. ಯಾರೂ ದೀಪ ಹಾಕಲಿಲ್ಲ.

ಕೈಯಲ್ಲಿ ಕೊನೆಯ ತುತ್ತು ಉಳಿದಿತ್ತು. ಇನ್ನೂ ಉಣ್ಣಬಹುದೋ, ಹೊತ್ತು ಮುಳುಗಿತೋ ಎಂದು ಕೇಳಲು ಅವನು ಹೊಸ್ತಿಲ ಕಡೆ ನೋಡಿದ. ಅವಳು ಅಲ್ಲೇ ಕೂತಿದ್ದಳೋ, ಎದ್ದು ಹೋಗಿದ್ದಳೋ, ಕತ್ತಲಲ್ಲಿ ಕಾಣಲಿಲ್ಲ. ಕರೆದರೆ ಹೂಂ ಅನ್ನುವವರು ಇರದಿದ್ದರೆ ಎಂಬ ಭಯಕ್ಕೆ, ಅವನು ಕರೆಯಲಿಲ್ಲ. ತುತ್ತು ಹಿಡಿದ ಕೈ ಬಾಯಿಗೂ ಹೋಗದೆ ತಾಟಿಗೂ ಇಳಿಯದೆ ನಡುವೆಯೇ ನಿಂತಿತ್ತು.