ಕರೆಯದೆ ಬಾರದವಳು

ನನ್ನ ಮಗಳು ಹೇಮಶ್ರೀ ಕರೆಯದೆ ಊಟಕ್ಕೆ ಬಂದವಳೇ ಅಲ್ಲ. ತಟ್ಟೆ ಇಟ್ಟು, ಮುದ್ದೆ ಹಾಕಿ, ಸಾರು ಬಿಟ್ಟರೂ ಅಷ್ಟೇ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೋಣೆಯಲ್ಲಿ ಕೂತಿರುತ್ತಿದ್ದಳು. "ಹೇಮಾ, ಉಣ್ಣಕ್ಕೆ ಬಾರೇ" ಅಂತ ಮೊದಲ ಸಲ ಕರೆದರೆ "ಹ್ಞೂಂ" ಅನ್ನುವುದು. ಎರಡನೇ ಸಲಕ್ಕೆ "ತಡಿಯವ್ವ". ಮೂರನೇ ಸಲ ನಾನು ಬೀದಿಗೆಲ್ಲ ಕೇಳುವಂತೆ ಕೂಗಿದ ಮೇಲೆ "ಬಂದೆ ಕಣವ್ವಾ" ಅಂತ ನಗುತ್ತಾ ಬರುವುದು.

"ದಿನಾ ಹಿಂಗೆ ಕೂಗ್ಸಿಕೊಳ್ತೀಯಲ್ಲೇ, ನನ್ನ ಗಂಟ್ಲೇನು ಪಂಚಾಯ್ತಿ ಮೈಕಾ?" ಅಂದರೆ, "ಕರೀದೆ ಇರೋ ಊಟಕ್ಕೆ ಯಾರವ್ವ ಬತ್ತಾರೆ?" ಅನ್ನುತ್ತಿದ್ದಳು. ಮಾತಿಗೇನು ಕಮ್ಮಿ ಇರಲಿಲ್ಲ ಮುಂಡೇದಕ್ಕೆ.

ಹೋದ ವರ್ಷ ಭತ್ತ ಹಣ್ಣಾಗುವ ಹೊತ್ತಿಗೆ ಅವಳಿಗೆ ಜ್ವರ ಬಂತು. ತರೀಕೆರೆಯಲ್ಲಿ ತೋರಿಸಿದೆವು, ಡೆಂಗ್ಯೂ ಅಂದರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಹೋಗುವಾಗ ನನ್ನ ಭುಜಕ್ಕೆ ತಲೆ ಇಟ್ಟು ಕೂತಿದ್ದವಳು ಬರುವಾಗ ಮಲಗಿಕೊಂಡು ಬಂದಳು. ಇಪ್ಪತ್ತೊಂದು ವರ್ಷ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಇದಕ್ಕಿಂತ ಹೆಚ್ಚಿಗೆ ನನ್ನ ಕೈಲಿ ಹೇಳಲಾಗುವುದಿಲ್ಲ, ಕೇಳಬೇಡಿ.

ಆಮೇಲೆ ನನ್ನ ತಲೆ ನನ್ನ ಕೈಯಲ್ಲಿ ಇರಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದು, ಹಾಲು ಉಕ್ಕಿ ಒಲೆ ಆರಿದರೂ ಅಲ್ಲೇ ನಿಂತು ನೋಡುವುದು. ಒಂದು ದಿನ ಗ್ಯಾಸ್ ಹಾಗೇ ಬಿಟ್ಟು ಹಿತ್ತಲಿಗೆ ಹೋಗಿಬಿಟ್ಟಿದ್ದೆ. ಗಂಡ ಗಿರಿಯಪ್ಪ ವಾಸನೆಗೆ ಓಡಿ ಬಂದು ಆರಿಸಿದ. ಬೈಯಲಿಲ್ಲ. ಜಗಲಿ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅಂಥ ಹೊತ್ತಿನಲ್ಲಿ ಸರ್ದಾರಣ್ಣ ಬಂದ. ಹೆಸರು ಜಗಸೀರ್ ಸಿಂಗ್. ಪಂಜಾಬಿನಿಂದ ಭತ್ತ ಕೊಯ್ಯುವ ಮಿಷನ್ ತರುತ್ತಾನೆ. ಪ್ರತಿ ಸುಗ್ಗಿಗೂ ನಮ್ಮ ಅಮೃತಾಪುರಕ್ಕೆ ಬಂದು, ನಮ್ಮ ಮನೆ ಪಕ್ಕದ ಶೀಟಿನ ಕೊಟ್ಟಿಗೆಯಲ್ಲಿ ಇಳಿದುಕೊಂಡು, ಇಲ್ಲಿಯ ಗದ್ದೆ ಮುಗಿದ ಮೇಲೆ ಅಜ್ಜಂಪುರದ ಕಡೆ ಹೋಗುತ್ತಾನೆ. ಅವನಿಗೆ ಊಟ ನಮ್ಮ ಮನೆಯದೇ. ಗಡ್ಡ ಬೆಳ್ಳಗಾಗಿದೆ, ನೀಲಿ ಪೇಟ, ಎಷ್ಟೋ ಸುಗ್ಗಿ ಇಲ್ಲಿ ಕಳೆದು ಕನ್ನಡ ಅರ್ಧಂಬರ್ಧ ಬರುತ್ತದೆ. ಹೇಮಶ್ರೀಯನ್ನು ಫ್ರಾಕಿನಲ್ಲಿ ನೋಡಿದವನು. ವಿಷಯ ಕೇಳಿ ಹೊಸಲಿನ ಹತ್ತಿರ ಚಪ್ಪಲಿ ಬಿಟ್ಟು ನಿಂತ. ಒಂದು ಮಾತೂ ಆಡಲಿಲ್ಲ. ಆ ಒಂದು ಕಾರಣಕ್ಕೆ ಅವನ ಮೇಲೆ ನನಗೆ ಮರ್ಯಾದೆ ಬಂತು. ಊರವರೆಲ್ಲ "ವಿಧಿ ಕಣಮ್ಮ, ಹಣೆಬರಹ" ಅಂತ ಹೇಳಿ ಹೇಳಿ ಕಿವಿ ತೂತು ಮಾಡಿದ್ದರು.

ಅವನು ಬೆಳಕು ಹರಿಯುವ ಮುಂಚೆ ಎದ್ದು, ತಣ್ಣೀರು ಮೈಮೇಲೆ ಸುರಿದುಕೊಂಡು, ಪೇಟ ಸುತ್ತಿ, ಕೊಟ್ಟಿಗೆಯ ಚಾಪೆ ಮೇಲೆ ಕೂರುತ್ತಾನೆ. "ವಾಹೆಗುರು, ವಾಹೆಗುರು" ಅಂತ ಮೆಲ್ಲಗೆ ಹೇಳುತ್ತಾ ಇರುತ್ತಾನೆ. ಎಷ್ಟೋ ವರ್ಷದಿಂದ ಗೋಡೆಯ ಈಚೆ ಕೇಳಿಸಿಕೊಂಡಿದ್ದೆ. ಹೇಮಾ ಅದನ್ನೇ ಅಣಕಿಸಿ ನನ್ನನ್ನು ನಗಿಸುತ್ತಿದ್ದಳು. ಈಗ ನಿದ್ದೆ ಇಲ್ಲದೆ ಬಿದ್ದುಕೊಂಡವಳಿಗೆ ಆ ಸದ್ದು ಒಂದು ಆಸರೆಯಾಯಿತು. ಒಂದು ದಿನ ಟೀ ಕೊಡುವ ನೆಪದಲ್ಲಿ ಕೇಳಿಯೇಬಿಟ್ಟೆ.

"ಸರ್ದಾರಣ್ಣ, ಅದನ್ನ ಹೇಳಿದ್ರೆ ತಲೆ ನಿಲ್ಲುತ್ತಾ?"

"ನಿಲ್ಲಲ್ಲ ಬೆಹನ್‌ಜಿ. ಓಡ್ತದೆ," ಅಂದ. "ಓಡ್ಲಿ. ಹೊಡೀಬೇಡಿ. ವಾಪಸ್ ಕರೀರಿ. ಮತ್ತೆ ಓಡ್ತದೆ, ಮತ್ತೆ ಕರೀರಿ. ಕರಿಯೋದು, ಅದೇ ಸಿಮ್ರನ್, ನಾಮಸ್ಮರಣೆ."

"ಅದರ ಅರ್ಥ ಏನು?"

"ವಾಹ್, ಎಂಥ ಗುರು, ಅಂತ. ದೇವರನ್ನ ನೋಡಿ ಆಶ್ಚರ್ಯ."

ನನಗೆ ಉರಿದುಹೋಯಿತು. "ನನ್ನ ಮಗಳನ್ನ ಕಿತ್ಕೊಂಡೋನಿಗೆ ನಾನು ವಾಹ್ ಅನ್ನಬೇಕಾ? ಚೆನ್ನಾಗೈತೆ ಕಣಣ್ಣ ನಿಮ್ಮ ನ್ಯಾಯ!"

ಅವನು ಟೀ ಲೋಟ ಕೆಳಗಿಟ್ಟ. "ನಿಮ್ಮ ದೇವರ ಹೆಸರೇ ಹೇಳಿ. ಶಿವ ಅನ್ನಿ, ಯಾವುದಾದ್ರೂ ಅನ್ನಿ."

"ನಮ್ಮ ದೇವರ ಜೊತೆ ನಾನು ಮಾತು ಬಿಟ್ಟಿದೀನಿ," ಅಂದೆ. ಸುಳ್ಳಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಷ್ಟು ದೇವರಿಗೆ ಹರಕೆ ಹೊತ್ತಿದ್ದೆ, ಒಬ್ಬನಾದರೂ ಈ ಕಡೆ ತಿರುಗಿ ನೋಡಲಿಲ್ಲ. "ನಿಮ್ಮ ದೇವರನ್ನ ನಾನು ಏನೂ ಕೇಳಿಲ್ಲ. ಅದಕ್ಕೆ ಅವನ ಮೇಲೆ ಇನ್ನೂ ಸಿಟ್ಟು ಬಂದಿಲ್ಲ. ಅವನ ಹೆಸರೇ ಹೇಳ್ಕೊಡು."

ಅವನು ಹೇಳಿಕೊಟ್ಟ. ಮೊದಲರ್ಧ ಉಸಿರು ಒಳಗೆ ಹೋಗುವಾಗ, ಉಳಿದದ್ದು ಹೊರಗೆ ಬರುವಾಗ. ಬಾಯಿ ಹೇಳಬೇಕು, ಕಿವಿ ಕೇಳಬೇಕು. ಬಾಯಿ ಒಂದು ಕಡೆ ಕಿವಿ ಒಂದು ಕಡೆ ಆದರೆ ಬರೀ ಸದ್ದು ಅಂದ. ಇಷ್ಟೇ ಪಾಠ.

ನನ್ನ ತವರು ಕಡೂರಿನ ಹತ್ತಿರ ಎಮ್ಮೆದೊಡ್ಡಿ. ಕಾವಲಿನಲ್ಲಿ ಮೇಯುವ ಅಮೃತಮಹಲ್ ಕರುಗಳನ್ನು ನೋಡಿ ಬೆಳೆದವಳು. ಹಗ್ಗ ತೋರಿಸಿದರೆ ಸಾಕು, ಬಾಲ ಎತ್ತಿಕೊಂಡು ಹಳ್ಳ ದಾಟಿ ಓಡುತ್ತವೆ. ನನ್ನ ಮನಸ್ಸೂ ಥೇಟ್ ಹಾಗೇ. ಎರಡು ಸಲ ವಾಹೆಗುರು ಅನ್ನುವಷ್ಟರಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಇರುತ್ತಿತ್ತು. ಕರೆದುಕೊಂಡು ಬರುತ್ತಿದ್ದೆ. ನಾನು ಹೆಣೆಯುತ್ತಿದ್ದ ಹೇಮಾಳ ಜಡೆ ಹತ್ತಿರ ಇರುತ್ತಿತ್ತು. ಕರೆದುಕೊಂಡು ಬರುತ್ತಿದ್ದೆ. ಜಡೆಯಿಂದ ಕರೆದುಕೊಂಡು ಬರುವುದು ಎಷ್ಟು ಕಷ್ಟ ಅಂತ ಆ ದೇವರಿಗೇನು ಗೊತ್ತು!

ಸರ್ದಾರಣ್ಣ ಅಜ್ಜಂಪುರಕ್ಕೆ ಹೊರಟುಹೋದ ಮೇಲೂ ನಾನು ಬಿಡಲಿಲ್ಲ. ಹಠದಲ್ಲಿ ಮಗಳು ನನ್ನನ್ನೇ ಹೋಲುತ್ತಿದ್ದಳು. ದಿನಾ ಕೋಳಿ ಕೂಗುವ ಹೊತ್ತಿಗೆ ಎದ್ದು, ಅವಳ ಕೋಣೆಯಲ್ಲಿ ಕೂರುತ್ತಿದ್ದೆ. ಬರಬರುತ್ತಾ ಮುದ್ದೆ ತೊಳಸುವಾಗ, ಕಳೆ ಕೀಳುವಾಗ, ಬಸ್ಸಿನಲ್ಲಿ ಕೂತಾಗ, ಎಲ್ಲೆಂದರಲ್ಲಿ ಹೇಳಿಕೊಳ್ಳುತ್ತಿದ್ದೆ. ಸಾರಿನ ಉಪ್ಪು ಸರಿಹೋಯಿತು. ರಾತ್ರಿ ಎರಡು ಗಳಿಗೆ ನಿದ್ದೆ ಬಂತು. "ಏನೋ ಒಂದು, ಹೆಂಡ್ತಿ ವಾಪಸ್ ಬಂದ್ಲು," ಅಂತ ಗಿರಿಯಪ್ಪ ಯಾರಿಗೋ ಹೇಳುವುದು ಕೇಳಿಸಿತು. ಬದುಕಿದವಳಿಗೆ ಬದುಕುವುದು ಬೇಕಲ್ಲ, ಮಾಡುವುದೇನು.

ವರ್ಷ ತುಂಬಿತು. ನಮ್ಮಲ್ಲಿ ವರ್ಷಕ್ಕೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆ ತುಂಬ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಮಕ್ಕಳಿಗಾದರೆ ತಾಯಿಯೇ ಕರೆಯಬೇಕು. ಒಂದೇ ಕರೆ. ಕರೆದ ಕೂಡಲೇ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರಬೇಕು. ಅವರು ಬಂದು ಉಂಡು ಹೋಗುವ ತನಕ ಬಾಗಿಲು ತೆಗೆಯುವಂತಿಲ್ಲ, ಒಳಕ್ಕೆ ಒಂದು ಮಾತು ಆಡುವಂತಿಲ್ಲ.

ನಾನು ಇದಕ್ಕೇ ಕಾಯುತ್ತಿದ್ದೆ, ಮುಚ್ಚುಮರೆ ಏನು. ವರ್ಷವಿಡೀ ಮನಸ್ಸು ಅವಳ ಹತ್ತಿರ ಓಡಿದಾಗೆಲ್ಲ ಈಚೆ ಎಳೆದುಕೊಂಡು ಬಂದಿದ್ದೆ. ಇದೊಂದು ದಿನ ಎಳೆಯಬೇಕಾಗಿಲ್ಲ. ಬಾಯಿ ತುಂಬ ಕರೆಯಬಹುದು, ಅವಳು ಬರುತ್ತಾಳೆ. ಕೋಳಿ ಸಾರು ಮಾಡಿದೆ. ಒತ್ತುಶ್ಯಾವಿಗೆ, ಕಾಯಿಹಾಲು ಮಾಡಿದೆ, ಅದು ಅವಳ ಪ್ರಾಣ. ಹಸಿರು ಚೂಡಿದಾರ ತಂದಿದ್ದೆ. ಗಿರಿಯಪ್ಪ ಅವಳ ಇಯರ್‌ಫೋನ್ ಒರೆಸಿ ಎಲೆಯ ಪಕ್ಕ ಇಟ್ಟ.

ಧೂಪ ಹಾಕಿದರು. ನಾದಿನಿ ಬಾಗಿಲ ಹಿಡಿ ಹಿಡಿದು ನಿಂತಳು. "ಕರಿ ಅತ್ತಿಗೆ," ಅಂದಳು.

ನಾನು ಕಣ್ಣು ಮುಚ್ಚಿದೆ. ಉಸಿರು ಎಳೆದುಕೊಂಡೆ. ಅವಳ ಮುಖ ಎದುರಿಗೇ ಬಂತು, ನಗು ಸಮೇತ. ಬಾಯಿ ತೆರೆದೆ.

"ವಾಹೆಗುರು," ಅಂದೆ.

ನಾನು ಅಂದದ್ದಲ್ಲ. ಬಾಯಿ ತಾನಾಗಿಯೇ ಅಂದಿತು. ನನ್ನ ಕಿವಿಗೆ ಅದು ಬೀಳುವಷ್ಟರಲ್ಲಿ ನಾದಿನಿ, ಪಾಪ, ಕರೆದಾಯಿತು ಅಂದುಕೊಂಡು ನಮ್ಮನ್ನೆಲ್ಲ ಹೊರಗೆ ಕರೆದು ಬಾಗಿಲು ಎಳೆದೇಬಿಟ್ಟಳು. ಗಿರಿಯಪ್ಪ ಮಾತ್ರ ನನ್ನ ಮುಖ ನೋಡಿದ. ಅವನಿಗೆ ಕೇಳಿಸಿತ್ತು. ನಾನು ಬಾಗಿಲ ಕಡೆ ನುಗ್ಗಿದೆ, ಅವನು ರಟ್ಟೆ ಹಿಡಿದು, ಬೇಡ ಅಂತ ತಲೆ ಆಡಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಆ ತುತ್ತು ನನ್ನ ಮಗಳದ್ದಾಗಿತ್ತು.

ಅಲ್ಲಿ ನಿಲ್ಲಲಾಗಲಿಲ್ಲ. ಬರಿಗಾಲಲ್ಲಿ ಹೊರಟೆ. ಗುಡಿಯ ಹಿಂದಿನ ಈರಭದ್ರಪ್ಪನ ಗದ್ದೆಯಲ್ಲಿ ಮಿಷನ್ ಓಡುತ್ತಿತ್ತು. ಮೂರು ದಿನದ ಹಿಂದೆಯೇ ಸರ್ದಾರಣ್ಣ ಊರಿಗೆ ಬಂದಿದ್ದ. ಕೊಯ್ದ ಭತ್ತದ ಕೂಳೆ ಅಂಗಾಲಿಗೆ ಚುಚ್ಚುತ್ತಿದ್ದರೂ ನೆಟ್ಟಗೆ ಹೋಗಿ ಮಿಷನ್ನಿಗೆ ಅಡ್ಡ ನಿಂತೆ. ಅವನು ಗಾಬರಿಯಾಗಿ ಬ್ರೇಕ್ ಹಾಕಿ, ಇಂಜಿನ್ ಗುಡುಗುಟ್ಟುತ್ತಿದ್ದ ಹಾಗೇ ಇಳಿದು ಬಂದ.

"ಏನು ಹೇಳ್ಕೊಟ್ಟೆಯಪ್ಪ ನನಗೆ!" ಅಂತ ಆ ಸದ್ದಿನ ಮೇಲೆ ಕಿರುಚಿದೆ. "ನನ್ನ ಬಾಯಿಂದ ನನ್ನ ಮಗಳ ಹೆಸರು ಕಿತ್ಹಾಕ್ಬಿಟ್ಟೆಯಲ್ಲೋ! ಎಡೆಗೆ ಕರೀಬೇಕಾದ್ರೆ ನಿನ್ನ ದೇವರು ಬಂದ. ಅವನಿಗೇನು ಹೊಟ್ಟೆಗೆ ಇರಲಿಲ್ವಾ? ವರ್ಷಕ್ಕೆ ಒಂದು ಊಟ ಕಣೋ ಅವಳಿಗೆ, ಒಂದೇ ಒಂದು!"

ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ, ಎಡೆ ಅಂದರೇನು, ಕರೆಯುವುದು ಅಂದರೇನು, ಬಾಗಿಲು ಹೇಗೆ ಮುಚ್ಚಿತು, ಎಲ್ಲ. ಹೇಳುತ್ತಾ ಹೇಳುತ್ತಾ ಬದುವಿನ ಮೇಲೆ ಕುಸಿದು ಕೂತೆ. ಅವನೂ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ತಾನಾಗೇ ಬಂತಾ?" ಅಂತ ಕೇಳಿದ. "ನೀವು ಹೇಳದೆ?"

"ಹ್ಞೂಂ."

ಅವನ ಕಣ್ಣು ತುಂಬಿಬಂತು. "ಹಾಗೆ ಬರಲಿ ಅಂತ ನಾನು ಇಪ್ಪತ್ತು ವರ್ಷ ಕೂತೆ ಬೆಹನ್‌ಜಿ. ನನಗೆ ಬರಲಿಲ್ಲ."

"ತಗೊಂಡ್ಹೋಗಣ್ಣ. ನಿಂದು ನೀನೇ ಇಟ್ಕೋ," ಅಂದೆ. "ನನಗೆ ನನ್ನ ಮಗಳು ಸಾಕು."

ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ, "ನಮ್ಮ ಗುರುದ್ವಾರದಲ್ಲಿ ಎಲ್ಲರಿಗೂ ಊಟ ಹಾಕೋ ಲಂಗರಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯಲ್ಲ. ಹಸಿದೋರು ಬಂದು ಸಾಲಲ್ಲಿ ಕೂತ್ಕೊಳ್ತಾರೆ. ಬೇಟಿನೂ ಬಂದು ಕೂತಿರ್ತಾಳೆ. ಕರೀದೆ ಇದ್ರೂ ಬಂದಿರ್ತಾಳೆ," ಅಂದ.

ಒಳ್ಳೆಯ ಮನುಷ್ಯ. ಸಮಾಧಾನ ಆಗಲಿ ಅಂತಲೇ ಹೇಳಿದ. ಆದರೆ ನನ್ನ ಎದೆಗೆ ಅದು ಕುಡುಗೋಲು ಹಾಕಿದ ಹಾಗಾಯಿತು.

"ಇಲ್ಲ ಕಣಣ್ಣ," ಅಂದೆ. "ನನ್ನ ಮಗಳು ಹಂಗಲ್ಲ. ಕರೀದೆ ಬರಲ್ಲ ಅವಳು. ಬಾಗಿಲ ಹೊರಗೇ ನಿಂತಿರ್ತಾಳೆ. ಹಸಿದ್ರೂ ನಿಂತಿರ್ತಾಳೆ, ಅವ್ವ ಇನ್ನೂ ಕರೀಲಿಲ್ಲ ಅಂತ."

ಈ ಮಾತು ಆಡಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮಣ್ಣು ಮಾಡುವಾಗ ಅತ್ತಿರಲಿಲ್ಲ. ವರ್ಷದ ಅಳುವೆಲ್ಲ ಆ ಬದುವಿನ ಮೇಲೆ ಬಂತು. ಸರ್ದಾರಣ್ಣ ಎದ್ದು ಹೋದ. ಕೆಲಸ ಇದೆ, ಹೋಗಲಿ ಅಂದುಕೊಂಡೆ. ಅವನು ಮಿಷನ್ ಹತ್ತಿ ಇಂಜಿನ್ ಆಫ್ ಮಾಡಿದ.

ಇದ್ದಕ್ಕಿದ್ದ ಹಾಗೆ ಇಡೀ ಬಯಲು ನಿಶ್ಶಬ್ದವಾಯಿತು. ಆಚೆ ಬದುವಿನಿಂದ ಈರಭದ್ರಪ್ಪ ಕೂಗಿದ: "ಏನಪ್ಪಾ ಸರ್ದಾರ್, ಮೋಡ ಮೇಲೆ ಬತ್ತೈತೆ, ನಿಲ್ಲಿಸ್ಬಿಟ್ಟೆಯಲ್ಲೋ!" ಸರ್ದಾರಣ್ಣ ಅವನ ಕಡೆ ಕೈ ಎತ್ತಿ ತಡೆ ಅಂದ. ಆಮೇಲೆ ನನ್ನ ಹತ್ತಿರ ಬಂದ.

"ಈಗ ಕರೀರಿ," ಅಂದ.

"ಇಲ್ಲಿ ಎಂಥದು ಕರಿಯೋದು? ಎಲೆ ಮನೇಲೈತೆ."

"ಹೊರಗೆ ನಿಂತಿದಾಳೆ ಅಂದ್ರಲ್ಲ. ಹೊರಗಿಂದ್ಲೇ ಕರೀರಿ. ಕೇಳ್ತದೆ."

ಎದ್ದು ನಿಂತೆ. ಊರ ಕಡೆ ತಿರುಗಿದೆ. ಬಾಯಿ ತೆರೆದರೆ ಮತ್ತೆ ವಾಹೆಗುರುವಿನ ಮೊದಲ ಅಕ್ಷರವೇ ನಾಲಿಗೆಗೆ ಬಂತು. ಕಚ್ಚಿ ಹಿಡಿದೆ.

"ಬಾಯಿ ಹೇಳಬೇಕು, ಕಿವಿ ಕೇಳಬೇಕು," ಅಂತ ಸರ್ದಾರಣ್ಣ ಮೆಲ್ಲಗೆ ಹೇಳಿದ. "ಓಡಿದ್ರೆ ವಾಪಸ್ ಕರೀರಿ. ಅಷ್ಟೇ."

"ಹೇಮಾ," ಅಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ. ಎರಡನೇ ಸಲ, "ಹೇಮಾ, ಉಣ್ಣಕ್ಕೆ ಬಾರೇ," ಅಂದೆ. ಈರಭದ್ರಪ್ಪ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮೂರನೇ ಸಲ ದಿನಾ ಕೂಗುತ್ತಿದ್ದ ಹಾಗೇ, ಬೀದಿಗೆಲ್ಲ ಕೇಳುವಂತೆ, ಗಂಟಲು ಹರಿಯುವಂತೆ ಕೂಗಿದೆ: "ಹೇಮಾ! ಉಣ್ಣಕ್ಕೆ ಬಾರೇ, ಶ್ಯಾವಿಗೆ ಆರೋಗ್ತೈತೆ!"

ಗುಡಿಯ ಮೇಲಿನ ಪಾರಿವಾಳಗಳು ಎದ್ದು ಮತ್ತೆ ಕೂತವು. ನಾನು ಕಿವಿಗೊಟ್ಟು ನಿಂತೆ. ಆ ಹೊತ್ತಿನಲ್ಲಿ ನನ್ನ ಮನಸ್ಸು ಆಸ್ಪತ್ರೆಗೆ ಹೋಗಲಿಲ್ಲ, ಜಡೆಯ ಹತ್ತಿರ ಹೋಗಲಿಲ್ಲ, ಎಲ್ಲಿಗೂ ಓಡಲಿಲ್ಲ. ಬರಬೇಕಾದ ಒಂದು ಮಾತಿನ ಮೇಲೆ ನೆಟ್ಟಗೆ ನಿಂತಿತ್ತು.

"ಬಂದೆ ಕಣವ್ವಾ" ಅಂತ ಯಾರೂ ಅನ್ನಲಿಲ್ಲ.